ಹಾಡ್ಯಾಡಿ ಅತ್ತದ್ದು

ಇಳಕಲ್ಲ
೧೨ ಸೆಪ್ಟೆಂಬರ್ ೨೦೨೪

ಗೀತಾಂಜಲಿ,

ಆಶೀರ್ವಾದ ಅಂತ ಬರೆಯಲು ಹೋಗಿ ಕೈ ತಡೆಯಿತು. ಆದರೂ ನೀನು ನನ್ನ ಗಂಡನ ಬೆನ್ನಿಗೆ ಬಿದ್ದ ತಂಗಿ, ನಾನು ಹಿರಿಯಳು. ಆಶೀರ್ವಾದ ತಗೋ. ಫೋನ್ ಮಾಡಬಹುದಿತ್ತು. ನಿನ್ನ ಮುಂದೆ ಬಾಯಿ ಬಿಡಲು ಈಗ ಹೆದರಿಕೆ, ಯಾವ ಮಾತನ್ನು ಹಿಡಿದಿಟ್ಟು ಯಾವ ಹಾಡಿಗೆ ಹಾಕುತ್ತೀಯೋ ಏನೋ.

ನಿನ್ನ ಆಲ್ಬಮ್ ಪೂರ್ತಿ ಕೇಳಿದೆ. ತಬಲಾ ಇಲ್ಲ, ಪೇಟಿ ಇಲ್ಲ, ಎಲ್ಲ ಮನುಷ್ಯರ ಬಾಯಿಂದಲೇ ಹೊರಟದ್ದು. ಅಮೀನಗಡದಲ್ಲಿ ಬಸ್ಸಿನವರು ಕೂಗುವುದನ್ನು ತಾಳ ಮಾಡಿದ್ದೀ. ಗುಳೇದಗುಡ್ಡದ ಗುರುಲಿಂಗವ್ವ ಮಗ್ಗದ ಸದ್ದನ್ನು ನಾಲಿಗೆಯಲ್ಲೇ ಹೊರಡಿಸಿದ್ದಕ್ಕೆ ನಾನೂ ನಕ್ಕೆ. ಜಾಣಿ ಇದ್ದೀ, ಇಲ್ಲ ಅನ್ನುವುದಿಲ್ಲ. ಆಮೇಲೆ ಆ ಹಾಡು ಬಂತು.

ನಿಮ್ಮಣ್ಣ ಮಹಾಂತೇಶನ ಹೆಣದ ಮುಂದೆ ಹೆಂಗಸರು ಮುಖಕ್ಕೆ ಸೆರಗು ಹಾಕಿಕೊಂಡು ಹಾಡ್ಯಾಡಿ ಅಳುವಾಗ ನೀನು ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದಿ. ಅಣ್ಣನ ನೆನಪಿಗೆ ಇಟ್ಟುಕೊಳ್ಳುತ್ತಾಳೆ ಅಂದುಕೊಂಡೆ. ಹೆಣದ ಮುಂದೆ ನಮ್ಮವರು ಏನೆಲ್ಲ ಅನ್ನುತ್ತಾರೆ, ನಿನಗೆ ಗೊತ್ತಿಲ್ಲವೇ? ದೇವರನ್ನು ಬೈಯುತ್ತಾರೆ, ಸತ್ತವರನ್ನು ಬೈಯುತ್ತಾರೆ, ನಾನೇ ನಿನ್ನ ಕೊಂದೆ ಅಂತ ಎದೆ ಬಡಿದುಕೊಳ್ಳುತ್ತಾರೆ. ಮಣ್ಣು ಕೊಟ್ಟು ಬಂದಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ನೀನು ಎತ್ತಿದೆ. ‘ನಾನ ಕೊಂದೆ, ನಾನ ಕೊಂದೆ’ ಅಂತ ಅಷ್ಟನ್ನೇ ಕತ್ತರಿಸಿ, ದನಿಯನ್ನು ಎಳೆದು ತೆಳ್ಳಗೆ ಮಾಡಿ, ಮತ್ತೆ ಮತ್ತೆ ಹಾಡಿಸಿದ್ದೀ. ಕೆಳಗೆ ‘ವೈನಿಯ ಅಳು’ ಅಂತ ಬರೆದು ನನ್ನ ಹೆಸರನ್ನೂ ಹಾಕಿದ್ದೀ. ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಅದಕ್ಕೆ ರೀಲ್ಸ್ ಮಾಡುತ್ತಾರೆ.

ದುಂಡೇಶ ಭಾವನವರಿಗೆ ಮೊದಲಿಂದ ಒಂದು ಸಂಶಯ. ನಮ್ಮನೆಯವರಿಗೆ ಜ್ವರ ಇತ್ತು, ಮರೋಳದ ಹತ್ತಿರ ಕಾಲುವೆ ದಂಡೆಯಲ್ಲಿ ತಲೆ ತಿರುಗಿ ನೀರಿಗೆ ಬಿದ್ದರು ಅಂತ ಪೊಲೀಸರು ಬರೆದುಕೊಂಡರೂ, ‘ಈಸು ಬರೋ ನನ್ನ ತಮ್ಮ ಕಾಲುವ್ಯಾಗ ಹೆಂಗ ಮುಳುಗ್ತಾನ’ ಅನ್ನುತ್ತಿದ್ದರು. ಒಡಹುಟ್ಟಿದವರ ಸಂಕಟ, ಅನ್ನಲಿ ಬಿಡು ಅಂದುಕೊಂಡೆ. ನಿನ್ನ ಹಾಡು ಕೇಳಿದ ಮರುದಿನವೇ ಬಾಗಲಕೋಟೆಯಿಂದ ಬಂದು, ‘ಆಕಿನ ಬಾಯಿಬಿಟ್ಟು ಹೇಳ್ಯಾಳ, ಇನ್ನೇನ ಬೇಕ್ರಿ’ ಅಂತ ಓಣಿಯವರ ಮುಂದೆ ಅಂದು, ನನ್ನ ಮಗಳು ಸೃಷ್ಟಿಯನ್ನು ಕರೆದುಕೊಂಡು ಹೋದರು. ಠಾಣೆಗೂ ಅರ್ಜಿ ಕೊಟ್ಟಿದ್ದಾರೆ. ಎಲ್ಲರೂ ಅದು ನನ್ನ ದನಿಯೇ ಅಂದರು. ನಾನು ಇಲ್ಲ ಅನ್ನಲಿಲ್ಲ.

ಸೃಷ್ಟಿಯ ಜೊತೆ ಮಾತಾಡಲು ಬಿಡುವುದಿಲ್ಲ. ಒಮ್ಮೆ ಬಿಟ್ಟಾಗ ಕೂಸು ಕೇಳಿದ್ದು ಒಂದೇ, ‘ಯವ್ವಾ, ಅಪ್ಪನ್ನ ನೀ ಖರೇನ ಕೊಂದಿ?’ ಗೀತಾ, ನಿನ್ನ ಮೇಲೆ ನನಗೆ ಭಾಳ ಸಿಟ್ಟಿದೆ.

ನಾನು ಬೇಡುವುದು ಇಷ್ಟೇ, ಅವತ್ತಿನ ಪೂರ್ತಿ ರೆಕಾರ್ಡಿಂಗ್ ಕಳಿಸು. ‘ಜ್ವರಾ ಬಂದೈತಿ, ಒಲ್ಲೆ ಅಂದ್ರೂ ಬುತ್ತಿ ಕಟ್ಟಿ ಕೆಲಸಕ್ಕ ಕಳಿಸಿ ನಾನ ಕೊಂದೆ’ ಅಂತ ಅದರಲ್ಲಿದೆ. ಹಿಂದಿನ ಮಾತು ಸೇರಿಸಿ ಕೇಳಿದರೆ ಠಾಣೆಯವರಿಗೂ ಭಾವನವರಿಗೂ ತಿಳಿಯುತ್ತದೆ. ನನ್ನ ಮಗಳು ಮನೆಗೆ ಬರುತ್ತಾಳೆ.

ಅತ್ತೆಯವರಿಗೆ ಇದ್ಯಾವುದೂ ಗೊತ್ತಿಲ್ಲ. ಕಿವಿ ಈಗ ಪೂರ್ತಿ ಮಂದ. ಸೃಷ್ಟಿ ದೊಡ್ಡಪ್ಪನ ಮನೆಯಿಂದ ಸಾಲಿಗೆ ಹೋಗುತ್ತಾಳೆ ಅಂತ ಹೇಳಿದ್ದೇನೆ. ನಾನು ತುತ್ತು ಮಾಡಿ ಬಾಯಿಗಿಟ್ಟರೆ ಮಾತ್ರ ಉಣ್ಣುತ್ತಾರೆ. ಬುತ್ತಿಯ ಡಬ್ಬಿ ಕಣ್ಣಿಗೆ ಬಿದ್ದರೆ ಗೋಡೆಯ ಕಡೆ ಹೊರಳಿ ಮಲಗುತ್ತಾರೆ. ಅದನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ.

ಬೇಗ ಕಳಿಸು.

ನಿನ್ನ ವೈನಿ,
ಭಾಗ್ಯಜ್ಯೋತಿ

ತಾ.ಕ.: ಕಳಿಸುವ ಮೊದಲು ಒಂದು ಕೆಲಸ ಮಾಡು. ಆ ‘ನಾನ ಕೊಂದೆ’ ಮಾತಿನ ಕೊನೆಗೆ ‘ನನ್ನ ಮಗನ್ನ’ ಅಂತ ಇದೆ. ಅವತ್ತು ನನಗೆ ದನಿಯೇ ಹೊರಟಿರಲಿಲ್ಲ. ಹಾಗೆ ಅತ್ತವರು ನನ್ನ ಪಕ್ಕ ಕೂತಿದ್ದ ಅತ್ತೆಯವರು, ಬುತ್ತಿ ಕಟ್ಟಿ ಕಳಿಸಿದವರೂ ಅವರೇ. ಹೆತ್ತವಳ ದನಿ ದುಂಡೇಶ ಭಾವನವರಿಗೆ ಗುರುತು ಸಿಗಲಿಲ್ಲ. ನಿನಗೆ ಸಿಕ್ಕಿತ್ತೋ ಇಲ್ಲವೋ, ನಾನು ಕೇಳುವುದಿಲ್ಲ. ಅವರಿಗೆ ತಿಳಿದರೆ ಬಂದು ಅತ್ತೆಯವರ ಕಿವಿಯಲ್ಲಿ ಕೂಗಿ ಕೇಳುತ್ತಾರೆ, ಆ ಜೀವ ಉಳಿಯುವುದಿಲ್ಲ. ಕತ್ತರಿಸುವುದು ನಿನಗೆ ಬರುತ್ತದಲ್ಲ. ಅದೊಂದನ್ನು ಕತ್ತರಿಸಿ ಕಳಿಸು.