ರವಿವಾರದ ಅವ್ವ

ಬಂಗೂರನಗರ, ದಾಂಡೇಲಿ
೪ ಫೆಬ್ರುವರಿ ೨೦೨೫, ಮಂಗಳವಾರ

ಮುದ್ದಿನ ಮಗಳು ದ್ರಾಕ್ಷಾಯಣಿಗೆ ನಿನ್ನ ಅವ್ವ ಮಹಾದೇವಕ್ಕ ಮಾಡುವ ಆಶೀರ್ವಾದಗಳು.

ನೀನು, ಅಳಿಯಂದಿರು ಆರಾಮ ಇದ್ದೀರೆಂದು ನಂಬಿದ್ದೇನೆ. ಹಾಲೆಂಡಿನ ಚಳಿಗೆ ನಿನ್ನ ಹಿಮ್ಮಡಿ ಒಡೆಯುತ್ತವೆ, ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿಕೋ. ಅಳಿಯಂದಿರನ್ನು ಹಡಗಿನ ಕಾರ್ಖಾನೆಯವರು ಮತ್ತೆ ಕೆಲಸಕ್ಕೆ ಕರೆದರೇ? ಕರೆಯುವ ತನಕ ಮನೆ ನಿನ್ನ ಕನ್ನಡ ಪಾಠದ ಮೇಲೆಯೇ ನಡೆಯಬೇಕು ಎಂಬುದು ನನಗೆ ಗೊತ್ತು. ಫೋನು ಇರುವಾಗ ಈ ಮುದುಕಿ ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಿನಗೊಬ್ಬಳಿಗೇ ಒಂದು ಮಾತು ಹೇಳಬೇಕೆಂದು ಎರಡು ವಾರದಿಂದ ಹೆಣಗುತ್ತಿದ್ದೇನೆ, ಫೋನಿನಲ್ಲಿ ನೀನೊಬ್ಬಳೇ ಸಿಗುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ನೀನು ಮಾಸ್ತರಿಕೆಯ ಟ್ರೇನಿಂಗಿನಲ್ಲಿದ್ದಾಗ ಅಡುಗೆಮನೆಯಲ್ಲಿ ನನ್ನ ಕೈಗೆ ಪಾಟಿ ಕೊಟ್ಟು ಬರೆಯಲು ಕಲಿಸಿದವಳು ನೀನೇ.

ನಿನ್ನ ಮನೆಯ ಪದ್ಧತಿ ಈಗ ನಮ್ಮ ಓಣಿಗೆಲ್ಲ ಗೊತ್ತು. ಕನ್ನಡ ಕಲಿಯಲು ದುಡ್ಡು ಕೊಟ್ಟು ಅತಿಥಿಗಳು ಬಂದು ವಾರಗಟ್ಟಲೆ ಉಳಿಯುತ್ತಾರೆ, ಹೊಸ್ತಿಲು ದಾಟಿದ ಮೇಲೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ, ರೊಟ್ಟಿ ಬೇಕಾದರೂ ಕನ್ನಡದಲ್ಲೇ ಕೇಳಬೇಕು, ಇಲ್ಲದಿದ್ದರೆ ಉಪವಾಸ. ರವಿವಾರ ಬಂತೆಂದರೆ ಎಲ್ಲರೂ ಟಿ.ವಿ. ಮುಂದೆ ಕೂತು ದಾಂಡೇಲಿಯ ಅವ್ವನ ಜೊತೆ ಮಾತಾಡುವುದು. ಇಲ್ಲಿ ಪಕ್ಕದ ಮನೆಯ ನಿಲೋಫರ ವಿಡಿಯೋ ಫೋನು ಜೋಡಿಸಿ ಕೊಡುತ್ತಾಳೆ, ನಾನು ಇಳಕಲ್ಲ ಸೀರೆ ಉಟ್ಟು ಮದುಮಗಳ ಹಾಗೆ ಕೂಡುತ್ತೇನೆ. ನಿಜ ಹೇಳಬೇಕೆಂದರೆ ಈ ನಾಲ್ಕು ವರ್ಷ ನನಗೆ ಖುಷಿಯೇ ಆಗಿದೆ. ಮಿಲ್ಲಿನ ಹುಡುಗರ ಮೆಸ್ಸಿಗೆ ರೊಟ್ಟಿ ಬಡಿಯುವವಳ ಮಾತನ್ನು ಅಷ್ಟು ದೂರದ ಮಂದಿ ಕಿವಿಗೊಟ್ಟು ಕೇಳುತ್ತಾರೆಂದರೆ ಯಾರಿಗೆ ಜಂಬ ಬರುವುದಿಲ್ಲ ಹೇಳು.

ದಸರೆಯಿಂದ ಈಚೆಗೆ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದುದನ್ನು ನೀನು ನೋಡಿದ್ದೀಯ. ಹೇಗೆ ಗೊತ್ತೆಂದರೆ, ಎರಡು ರವಿವಾರ ಕಳೆಯುವುದರೊಳಗೆ ನಿನ್ನ ಅತಿಥಿಗಳೆಲ್ಲ ಶಾಲು, ಕರವಸ್ತ್ರ ಬಾಯಿಗೆ ಹಿಡಿದು ನನ್ನನ್ನು ಮಾತಾಡಿಸತೊಡಗಿದರು. ಹಿರಿಯರ ಮುಂದೆ ಮಾತಾಡುವ ನಮ್ಮ ಕಡೆಯ ರೀತಿ ಅದು ಎಂದು ಹೇಳಿಕೊಟ್ಟೆಯಂತೆ. ನನ್ನ ಜೊತೆಗಿರುವ ನಿನ್ನ ಚಿಗವ್ವ ಸಿದ್ದಕ್ಕ ಬಿದ್ದು ಬಿದ್ದು ನಕ್ಕಳು. ಅದು ಮರ್ಯಾದೆಯಲ್ಲ ಮಗಳೇ. ನಾನು ಹಲ್ಲಿಗೆ ತಿಕ್ಕುವ ಮಿಸ್ರಿ, ಹೆಂಚಿನ ಮೇಲೆ ಸುಟ್ಟ ಆ ತಂಬಾಕಿನ ಪುಡಿಯನ್ನು ನೀನು ಎಷ್ಟು ಸಲ ಕಸಿದು ಎಸೆದಿದ್ದೀಯ, ನಾನು ಎಷ್ಟು ಸಲ ಮತ್ತೆ ತಂದಿದ್ದೇನೆ. ನಾಲಿಗೆಯ ಬದಿಗೆ ಹುಣ್ಣಾಗಿ ತುಟಿಯ ಅಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು. ಪರದೇಶದವರ ಮುಂದೆ ನಿನ್ನ ಮಾನ ಹೋಗಬಾರದೆಂದು ಮುಚ್ಚಿಕೊಳ್ಳುತ್ತಿದ್ದೆ.

ಸಂಕ್ರಾಂತಿಯ ಮರುದಿನ ಸಿದ್ದಕ್ಕನ ಕಾಟಕ್ಕೆ ಹುಬ್ಬಳ್ಳಿಗೆ ಹೋದೆವು. ಹುಣ್ಣಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಮುಂದಿನ ವಾರ ಕ್ಯಾನ್ಸರ್ ಎಂದರು. ಆ ಬುಧವಾರ ನಿನಗೆ ಫೋನು ಹಚ್ಚಿದೆ. ಮನೆ ತುಂಬ ಮಂದಿ ಇದ್ದಾರೆ, ರವಿವಾರ ಮಾತಾಡೋಣ ಎಂದು ನೀನು ಇಟ್ಟುಬಿಟ್ಟೆ. ಮುಂದಿನ ಬುಧವಾರವೂ ಹಾಗೇ ಆಯಿತು. ಸಿದ್ದಕ್ಕ ತಾನು ಹೇಳುತ್ತೇನೆಂದು ಕುಣಿದಳು, ಆಣೆ ಹಾಕಿ ಬಾಯಿ ಮುಚ್ಚಿಸಿದೆ. ಹೇಳಿದರೆ ನೀನು ಪಾಠ ಬಿಟ್ಟು ಓಡಿ ಬರುತ್ತೀಯ, ಆಮೇಲೆ ಅಲ್ಲಿ ಅಳಿಯಂದಿರ ಗತಿ ಏನು? ಆದರೂ ಮನಸ್ಸು ತಡೆಯಲಿಲ್ಲ. ಮೊನ್ನೆ ರವಿವಾರ, ಎಲ್ಲರ ಎದುರಿಗೇ ಆಗಲಿ, ಅರ್ಧವಾದರೂ ಹೇಳೋಣವೆಂದು ಬಾಯಿ ತೆಗೆದೆ. "ದ್ರಾಕ್ಷೀ, ಬಾಯಾಗ ಹುಣ್ಣ ಆಗೇತಿ" ಎಂದೆ. ನಾಲಿಗೆ ಹೊರಳಲಿಲ್ಲ. ನೀನು ಏನೆಂದೆ, ನೆನಪಿದೆಯೇ?

"ಅವ್ವಾ, ಇನ್ನೊಮ್ಮೆ ನಿಧಾನ ಹೇಳು, ಇವರಿಗೆ ತಿಳೀಲಿಲ್ಲ."

ನಿಧಾನ ಹೇಳಿದೆ. ಹನ್ನೊಂದು ಮಂದಿ ಒಟ್ಟಿಗೆ "ಬಾಯಾಗ ಹುಣ್ಣ ಆಗೇತಿ" ಎಂದರು. ಧಾರವಾಡದ ಹುಡುಗಿಯನ್ನು ಮದುವೆಯಾದ ಆ ಉದ್ದನೆಯ ಗಂಡು ಒಂದೂ ತಪ್ಪಿಲ್ಲದೆ ಹೇಳಿದ, ನೀನು ಶಭಾಷ್ ಎಂದೆ. ಖಾರ ಕಡಿಮೆ ತಿನ್ನಿ ಎಂದು ಅವ್ವನಿಗೆ ಹೇಳಿರಿ ಎಂದೆ, ಎಲ್ಲರೂ ಅದನ್ನೂ ಹೇಳಿದರು. ನಾನೂ ನಕ್ಕೆ. ಫೋನು ಇಟ್ಟ ಮೇಲೆ ಅತ್ತೆ, ಸಿಟ್ಟು ಬಂದು ಅತ್ತೆ. ಆಮೇಲೆ ಯೋಚಿಸಿದರೆ ನಿನ್ನದೇನೂ ತಪ್ಪು ಕಾಣಲಿಲ್ಲ. ಅವರ ಊಟ, ಹಾಸಿಗೆ, ಪಾಠ ಎಲ್ಲ ನಿನ್ನ ತಲೆಯ ಮೇಲೆಯೇ ಇದೆ. ನಾನು ನಿನಗೆ ಪಾಠದ ಒಂದು ಭಾಗವಾದೆ, ನನಗೂ ಅದು ಬೇಕಾಗಿತ್ತು.

ಇಲ್ಲಿ ಉಳಿದವರೆಲ್ಲ ಕ್ಷೇಮ. ಸಿದ್ದಕ್ಕ ಈಗ ಒಬ್ಬಳೇ ರೊಟ್ಟಿ ಬಡಿದು ನನಗೆ ಗಂಜಿ ಕಾಸುತ್ತಾಳೆ, ಬೈಯುತ್ತಲೇ ಕಾಸುತ್ತಾಳೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಅತಿಥಿಗಳಿಗೂ ನಮಸ್ಕಾರ ಹೇಳು, ಅವರ ಮೇಲೆ ನನಗೆ ಏನೂ ಇಲ್ಲ. ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ ಅವ್ವ,
ಮಹಾದೇವಕ್ಕ

ತಾ.ಕ.: ಇದನ್ನು ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹದಿನೇಳನೇ ತಾರೀಖು, ಸೋಮವಾರ ಆಪರೇಷನ್. ನಾಲಿಗೆ ಪೂರ್ತಿ ತೆಗೆಯುತ್ತಾರೆ. ಕುತ್ತಿಗೆಗೂ ಇಳಿದಿದೆ, ತೆಗೆದ ಮೇಲೂ ಭರವಸೆ ಕೊಡುವುದಿಲ್ಲ ಎಂದಿದ್ದಾರೆ. ಹಿಂದಿನ ದಿನ ರವಿವಾರ ಅತಿಥಿಗಳನ್ನು ಎಲ್ಲಿಗಾದರೂ ತಿರುಗಾಡಲು ಕಳಿಸಿ, ನೀನೊಬ್ಬಳೇ ನನ್ನ ಜೊತೆ ಮಾತಾಡು ಎಂದು ಕೇಳುವುದಕ್ಕೇ ಈ ಪತ್ರ. ಹತ್ತು ದಿನದಲ್ಲಿ ಮುಟ್ಟುತ್ತದೆ ಎಂದುಕೊಂಡಿದ್ದೆ. ಒಳಗೆ ಕೇಳಿದರೆ ಇಪ್ಪತ್ತು ದಿನ ಬೇಕಂತೆ. ಜೊತೆಗೆ ಬಂದ ನಿಲೋಫರ ಪತ್ರದ ಫೋಟೋ ತೆಗೆದು ಈಗಲೇ ಕಳಿಸುತ್ತೇನೆ ಎಂದಳು, ಬೇಡವೆಂದೆ. ಹೆತ್ತ ಮಗಳ ಹತ್ತಿರ ಒಂದು ತಾಸು ಬೇಡುವುದನ್ನು ಬೇರೆ ಮನೆಯ ಹುಡುಗಿ ಓದಬಾರದು. ನೀನು ಇದನ್ನು ಓದುವ ಹೊತ್ತಿಗೆ ಆ ರವಿವಾರ ಎಂದಿನ ಹಾಗೆಯೇ ಆಗಿಹೋಗಿರುತ್ತದೆ. ಅತಿಥಿಗಳು ನಾನು ಹೇಳಿದ್ದನ್ನೆಲ್ಲ ವಹಿಯಲ್ಲಿ ಬರೆದುಕೊಳ್ಳುತ್ತಾರಲ್ಲ, ಒಂದು ವಹಿ ಕೇಳಿ ಇಸಿದುಕೋ. ನನ್ನ ಕೊನೆಯ ಮಾತು ಏನಿತ್ತೆಂದು ಅದರಲ್ಲಿರುತ್ತದೆ.