ಹಳೇ ವಾಚಿನ ಗುಂಡಿ

ಅಂಧೇರಿ, ೧೯೯೧ ಫೆಬ್ರವರಿ

ಗುರಲಿಂಗಪ್ಪ,

ನಿನ್ನ ವಿಳಾಸ ನನ್ನ ಹತ್ತಿರ ಇಲ್ಲ. ನೀನು ಅಂಗಡಿ ಬಿಟ್ಟು ಹೋಗುವಾಗ ನಾನು ಕೇಳಲಿಲ್ಲ. ಆದರೂ ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ವಾಚು ರಿಪೇರಿ ಮಾಡಿದವರು ನಾವು. ಇವತ್ತಿನ ಸಂಗತಿ ನಿನಗಲ್ಲದೆ ಯಾರಿಗೆ ಹೇಳಲಿ?

ಗೋರೆಗಾಂವ್‌ನ ಸರಸ್ವತಿ ಟೀಚರ್ ತೀರಿಕೊಂಡ ಗಂಡನ ಸ್ವಿಸ್ ವಾಚು ತಂದಿದ್ದರು. ಮೂವತ್ತು ವರ್ಷ ಹಳೆಯದು, ಕೀ ಕೊಡುವ ಗುಂಡಿ ಸವೆದುಹೋಗಿತ್ತು. ಅದೇ ಕಂಪನಿಯ ಹೊಸ ಗುಂಡಿ ತರಿಸಿದೆ. ನೋಡಲು ಒಂದೇ ಥರ, ಆದರೆ ಒಳಗಿನ ಥ್ರೆಡ್, ತಿರುಪಿನ ಸುತ್ತು, ಬೇರೆ; ಅರ್ಧ ಸುತ್ತಿಗೇ ಕಚ್ಚಿಕೊಂಡಿತು. ವಾಚಿನ ಕಡೆ ಸ್ವಲ್ಪ ಉಜ್ಜಿದರೆ ಕೂರುತ್ತಿತ್ತು. ಅರ ಕೈಗೆ ತೆಗೆದುಕೊಂಡಿದ್ದೆ. ನೀನಿದ್ದಿದ್ದರೆ ನನ್ನ ಕೈ ಹಿಡಿದು ತಡೆಯುತ್ತಿದ್ದೆ ಅನ್ನಿಸಿ, ನಿನ್ನ ಖಾನೆ ಎಳೆದೆ.

ಕೆಟ್ಟ ವಾಚುಗಳಿಂದ ಬಿಚ್ಚಿ ನೀನು ಕೂಡಿಟ್ಟ ಪೊಟ್ಟಣಗಳು ಹಾಗೇ ಇದ್ದವು. ಗುಜರಿ ಅಂತ ನಾನು ಜಗಳ ತೆಗೆದದ್ದು ಇವಕ್ಕೇ. ಒಂದರಲ್ಲಿ ಆ ಕಾಲದ ಗುಂಡಿಯೇ ಸಿಕ್ಕಿತು. ಬೆರಳಲ್ಲೇ ತಿರುಗಿ ಕೂತಿತು. ಟೀಚರ್ ವಾಚನ್ನು ಕಿವಿಗೆ ಹಿಡಿದು, "ಸ್ನಾನಕ್ಕೂ ಬಿಚ್ತಿರಲಿಲ್ಲ ಅವರು. ದೊಡ್ಡ ಉಪಕಾರ ಮಾಡಿದ್ರಿ," ಅಂದರು. ಉಪಕಾರ ನನ್ನದಲ್ಲ ಎಂದು ನಿನ್ನ ಹೆಸರು ಹೇಳಿದೆ.

ಆಮೇಲೆ ಆ ಹೊಸ ಗುಂಡಿಯನ್ನೂ ನಿನ್ನ ಹಾಗೆ ಪೊಟ್ಟಣ ಕಟ್ಟೋಣವೆಂದು, ಹಳೇ ಗುಂಡಿ ಸುತ್ತಿದ್ದ ನಿನ್ನ ಕಾಗದ ತಿರುಗಿಸಿದೆ. ಹಿಂದೆ ನಿನ್ನ ಅಕ್ಷರ: "ಶಾಮಣ್ಣ, ಹೊಸಾದು ಹಳೇ ವಾಚಿಗೆ ಕೂಡಂಗಿಲ್ಲ. ಇದು ಬೇಕಾಗ್ತೈತಿ, ಒಗೀಬ್ಯಾಡ."

ಕೆಳಗೆ ತಾರೀಖು ಇತ್ತು. ಅಂಗಡಿ ಬಿಟ್ಟು ಹೋಗು ಎಂದು ನಾನು ನಿನಗೆ ಹೇಳಿದ ದಿನದ್ದು.

ಶಾಮಣ್ಣ