ಒಂದು ಚೌಕಕ್ಕೆ ಒಂದೇ ಅಕ್ಷರ

ಮಂಗಳವಾರ, ಮಧ್ಯಾಹ್ನ

ದಿನಪತ್ರಿಕೆಯ ಪದಬಂಧ ರಚಿಸುವ ಮಹಾಮೇಧಾವಿಗಳಿಗೆ, ಅಂದರೆ ನನ್ನ ಅಕ್ಕನ ಮಗಳಿಗೆ, ನಿನ್ನ ಮಾವ ಮಾಡುವ ಆಶೀರ್ವಾದ ಮತ್ತು ಬೈಗುಳ.

ಮನೆಗೆ ಬರೆಯದೆ ಪತ್ರಿಕೆಯ ಆಫೀಸಿಗೆ ಯಾಕೆ ಬರೆದ ಅಂತ ಹುಬ್ಬು ಗಂಟು ಹಾಕಬೇಡ. ಮಗಳಿಗೆ ಬರೀಲಾ ಭಾವ, ಅಂತ ಕೇಳಿದರೆ ನಿಮ್ಮಪ್ಪ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ನಾನು ಹಿರಿಯರ ಮಾತು ಮೀರುವವನಲ್ಲ. ಆದ್ದರಿಂದ ಮಗಳಿಗೆ ಬರೆಯುತ್ತಿಲ್ಲ, ಪದಬಂಧದ ಮೇಲೆ ದೂರು ಕೊಡುತ್ತಿದ್ದೇನೆ. ಪೇಪರು ಕೊಂಡು ಓದುವವನಿಗೆ ಅಷ್ಟು ಹಕ್ಕಿದೆ.

ಹೋದ ತಿಂಗಳವರೆಗೆ ನಿನ್ನದು ಮರ್ಯಾದಸ್ಥ ಪದಬಂಧವಾಗಿತ್ತು. ಸುಳಿವು ಕೊಡುತ್ತಿದ್ದೆ, ಚೌಕ ಕೊಡುತ್ತಿದ್ದೆ, ನಾವು ತುಂಬುತ್ತಿದ್ದೆವು. ಆಮೇಲೆ ನಿನ್ನ ತಲೆಗೆ ಏನು ಹೊಕ್ಕಿತೋ! ಒಂದು ದಿನ ಕಪ್ಪು ಚೌಕಗಳೇ ಇಲ್ಲ, ಎಲ್ಲಿ ಬರಬೇಕೋ ನೀವೇ ಕಂಡುಹಿಡಿಯಿರಿ ಅಂದೆ. ಬಾಡಿಗೆಗೆ ಮನೆ ಕೊಟ್ಟು ಗೋಡೆ ನೀವೇ ಕಟ್ಟಿಕೊಳ್ಳಿ ಅಂದ ಹಾಗಾಯಿತು. ಇನ್ನೊಂದು ದಿನ ಸುಳಿವುಗಳಿಗೆ ನಂಬರೇ ಇಲ್ಲ. ಮತ್ತೊಂದು ದಿನ ಪದಗಳು ಅರ್ಧ ದಾರಿಯಲ್ಲಿ ಕೆಳಕ್ಕೆ ತಿರುಗುತ್ತವೆ, ಎಲ್ಲಿ ತಿರುಗುತ್ತವೆ ಅಂತ ಹೇಳುವುದಿಲ್ಲ. ನಾನು ಆಯುಷ್ಯವೆಲ್ಲ ಲಾರಿ ಓಡಿಸಿದವನು, ಬೆಟ್ಟದ ದಾರಿಯನ್ನು ಹಾಡು ಹೇಳುತ್ತಾ ಇಳಿಸಿದವನು. ತಿರುವಿಗೆ ಮುಂಚೆ ಒಂದು ಫಲಕ ನಿಲ್ಲಿಸಿರುತ್ತಾರೆ ಮಗಳೇ, ರಸ್ತೆ ಮಾಡುವವರಿಗೂ ಅಷ್ಟು ಕರುಣೆ ಇರುತ್ತದೆ. ಹಾಗಿದ್ದೂ ಅದನ್ನು ಒಂದೇ ಗಂಟೆಯಲ್ಲಿ ಬಿಡಿಸಿ ಬಿಸಾಕಿದೆ. ಸರಿ, ಒಂದು ಮಧ್ಯಾಹ್ನ ಅಂದುಕೋ. ಎರಡು ಪದ ಬಿಟ್ಟು.

ನನ್ನೊಬ್ಬನ ಕಷ್ಟವಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಹಳ್ಳಿ ಶಾಲೆಯ ಏಳನೇ ಕ್ಲಾಸಿನಲ್ಲಿ, ಪ್ರಶ್ನೆ ಕೇಳಲು ಬಂದ ಇನ್ಸ್‌ಪೆಕ್ಟರಿಗೇ ತಿರುಗಿ ಪ್ರಶ್ನೆ ಹಾಕಿ ಬೆವರಿಳಿಸಿದವನು ನಾನು. ದೂರು ಭಾವನದು. ಅವರು ಹೇಳಲಾರರು, ಅದಕ್ಕೆ ನಾನು ಹೇಳುತ್ತಿದ್ದೇನೆ.

ಕೂತುಕೊಂಡು ಓದು. ಈಗ ಜೀವಕ್ಕೇನೂ ಭಯವಿಲ್ಲ. ಎರಡು ತಿಂಗಳ ಹಿಂದೆ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಕೆಳಗೆ ಬೀಳಿಸಿದರು. ಎತ್ತಿಕೊಡು ಅನ್ನಲು ಹೋದರು, ಬಾಯಿಂದ ಬರೀ ಗಾಳಿ ಬಂತು. ಬಲಗೈ, ಬಲಗಾಲು, ಮಾತು, ಎಲ್ಲ ಒಟ್ಟಿಗೆ ಹೋದವು. ಲಕ್ವ ಅಂದರು. ಕಾಲು ವಾಪಸ್ಸು ಬರುತ್ತಿದೆ, ಕೈ ಸ್ವಲ್ಪ ಸ್ವಲ್ಪ. ಮಾತು ಮಾತ್ರ ಹಟ ಹಿಡಿದು ಕೂತಿದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಏನು ಹೇಳಬೇಕೋ ಅದೂ ಗೊತ್ತಿದೆ, ಪದ ನಾಲಿಗೆಗೆ ಇಳಿಯುವುದಿಲ್ಲ. ಅಚ್ಚುಕೂಟದಲ್ಲಿ ಕೂತು ಊರಿನವರೆಲ್ಲರ ತಪ್ಪು ತಿದ್ದಿದ ಮನುಷ್ಯ, ನೀರು ಬೇಕಾದರೆ ಲೋಟ ತೋರಿಸುತ್ತಾರೆ.

ಮಾತು ಕಲಿಸಲು ಒಬ್ಬರು ಟೀಚರಮ್ಮ ಬರುತ್ತಾರೆ. ಈ ಮೊದಲ ತಿಂಗಳುಗಳೇ ಮುಖ್ಯ, ದಿನಾ ಬಾಯಿ ಆಡಿಸಬೇಕು, ಈಗ ಕೈಬಿಟ್ಟರೆ ಆಮೇಲೆ ತುಂಬಾ ಕಷ್ಟ ಅಂದರು. ಬೆಕ್ಕು, ಚೆಂಡು, ಕೊಡೆ ಅಂತ ಚಿತ್ರದ ಕಾರ್ಡು ಮುಂದಿಟ್ಟರು. ಭಾವ ಆ ಬೆಕ್ಕನ್ನು ನೋಡಿದ ನೋಟಕ್ಕೆ ಟೀಚರಮ್ಮ ತಾವೇ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡರು. ಆಗ ನಾನೊಂದು ಉಪಾಯ ಮಾಡಿದೆ. (ಕಂಡುಹಿಡಿದವನು ನಾನೇ, ಟೀಚರಮ್ಮ ತಾನು ಅಂದರೆ ನಂಬಬೇಡ.) ನಿನ್ನ ಪದಬಂಧದ ಸುಳಿವು ಓದಿದೆ. ಎಷ್ಟು ಚೌಕವೋ ಅಷ್ಟು ಸಲ ಅವರ ಮಂಡಿಯ ಮೇಲೆ ಬೆರಳಿನಿಂದ ತಟ್ಟಿದೆ. ಒಂದು ಸಲ ತಟ್ಟಿದರೆ ಒಂದು ಅಕ್ಷರ. ಗಾಳಿ ಬೆಳಕಿಗೆ ಗೋಡೆಯಲ್ಲಿ ಬಿಟ್ಟ ಜಾಗ, ಮೂರು ಚೌಕ. ತಟ್ಟಿದೆ. ಕಿ. ಟ. ಕಿ. ಬಂತು ಕಣೇ! ದಾರ ಕಟ್ಟಿ ಎಳೆದ ಹಾಗೆ ಬಂತು. ಇಬ್ಬರೂ ಕಿಟಕಿಯನ್ನೇ ನೋಡುತ್ತಾ ಕೂತೆವು, ಯಾರೋ ಅದನ್ನು ಈಗಷ್ಟೇ ತಂದು ಗೋಡೆಗೆ ಕೂರಿಸಿ ಹೋದರೇನೋ ಅನ್ನುವಂತೆ.

ಅಲ್ಲಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಒಂದು ದಿನ ತಾವೇ ಎಡಗೈಯಲ್ಲಿ ಮಂಡಿ ತಟ್ಟಿಕೊಂಡು ಚಹಾ ಅಂದರು. ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯ ದರ್ಜಿಯಮ್ಮ ಮೇಲೆ ಓಡಿಬಂದು, ಏನ್ರೀ, ಅಟ್ಟ ಕುಸೀತಾ ಅಂದಳು. ನಿನ್ನ ಗಿಮಿಕ್ಕು ಶುರುವಾದ ಮೇಲೂ ಹೇಗೋ ನಡೆಯುತ್ತಿತ್ತು. ನಾನು ಮೊದಲು ಅಡುಗೆಮನೆಯಲ್ಲಿ ಕೂತು ಹೆಣಗಾಡಿ, ಗೋಡೆ ಕಟ್ಟಿ, ನಂಬರು ಹಾಕಿ, ಹದ ಮಾಡಿ ಅವರ ಮುಂದೆ ಹಿಡಿಯುತ್ತಿದ್ದೆ.

ಹೋದ ಗುರುವಾರ ಬಂತಲ್ಲ ನಿನ್ನ ಹೊಸ ಕರಾಮತ್ತು. ಕೆಲವು ಚೌಕಗಳಲ್ಲಿ ಎರಡೆರಡು ಅಕ್ಷರ. ಯಾವುದರಲ್ಲಿ ಅಂತ ಹೇಳಿಲ್ಲ, ಹಾಗಿದೆ ಅಂತಲೂ ಹೇಳಿಲ್ಲ. ತಾಯಿಯ ಒಡಹುಟ್ಟಿದವನು, ಮೂರು ಚೌಕ. ತಟ್ಟಿದೆ. ಭಾವ ನನ್ನ ಮುಖ ನೋಡಿ ಅರ್ಧ ಬಾಯಲ್ಲಿ ನಕ್ಕರು. ಸೋ. ದ. ರ. ನನ್ನ ಬೆರಳು ನಿಂತಿತು, ಅವರೂ ನಿಂತರು. ಇನ್ನೂ ಇದೆ, ತಟ್ಟು ಅಂತ ನನ್ನ ಕೈಯನ್ನು ನೂಕಿದರು. ಮುಗೀತು ಭಾವ, ಮೂರೇ ಚೌಕ, ಅದು ತಪ್ಪು ಅಂದೆ. ಮತ್ತೆ ಅದನ್ನೇ ಅಂದರು. ಮತ್ತೆ ತಪ್ಪು ಅಂದೆ. ಬೆವರಿಬಿಟ್ಟರು. ಕೊನೆಗೆ ಪೇಪರನ್ನು ಮುದುರಿ ಗೋಡೆ ಕಡೆ ತಿರುಗಿದರು.

ಮಾರನೇ ದಿನ ಉತ್ತರ ಬಂತು. ಸೋದರಮಾವ. ಐದು ಅಕ್ಷರವನ್ನು ಮೂರು ಚೌಕಕ್ಕೆ ತುರುಕಿದ್ದೀಯ. ಆ ಮನುಷ್ಯ ಎದುರಿಗೆ ಕೂತಿದ್ದ ನನ್ನನ್ನೇ ಹೇಳಲು ಹೊರಟಿದ್ದರು, ನಾನೇ ತಪ್ಪು ಅಂದೆ. ಉತ್ತರ ತೋರಿಸಿ, ನೀವೇ ಸರಿ ಭಾವ, ನಾನೇ ಪೆದ್ದ ಅಂದೆ. ತಿರುಗಿ ನೋಡಲಿಲ್ಲ. ಅವತ್ತಿನಿಂದ ಬಾಯಿ ತೆರೆದಿಲ್ಲ. ಟೀಚರಮ್ಮ ಬಂದರೂ ಇಲ್ಲ. ಹೀಗೇ ಬಿಟ್ಟುಬಿಟ್ಟರೆ ಬಂದಷ್ಟೂ ಹೋಗುತ್ತೆ ಅಂದರು, ನನಗೊಬ್ಬನಿಗೆ ಕೇಳಿಸುವಂತೆ.

ಅಕ್ಕ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ಆದರೂ ನನಗೇನೂ ಆಯಾಸವಿಲ್ಲ. ಲಾರಿಯ ಚಕ್ರ ಒಬ್ಬನೇ ಬದಲಿಸುತ್ತಿದ್ದವನಿಗೆ ಒಬ್ಬ ಮುದುಕನನ್ನು ಎತ್ತಿ ಕೂರಿಸುವುದು ಒಂದು ಕೆಲಸವೇ? ನಿನ್ನೆ ಮಾತ್ರ, ಸ್ನಾನ ಮಾಡಿಸಿ ಟವೆಲ್ಲು ತರಲು ಬಂದವನು ಮಂಚದ ಅಂಚಿನಲ್ಲಿ ಕೂತು ಹಾಗೇ ನಿದ್ದೆ ಹೋದೆ. ಎದ್ದು ನೋಡಿದರೆ ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಒದ್ದೆ ಮೈಯಲ್ಲಿ ನಡುಗುತ್ತಾ ಕೂತಿದ್ದಾರೆ. ಒಂದು ಸಲ ಕರೆಯಲು ನೋಡಬಹುದಿತ್ತು. ನೋಡಲಿಲ್ಲ.

ನೀನು ಶಾಲೆಯ ಕೆಲಸ ಬಿಟ್ಟಾಗ, ಆಟ ಆಡೋಕೂ ಸಂಬಳ ಕೊಡ್ತಾರಾ ಅಂತ ಅವರಂದದ್ದು, ಇನ್ನು ಈ ಮನೆಗೆ ಬರಲ್ಲ ಅಂತ ನೀನಂದದ್ದು, ಎರಡೂ ನನ್ನ ಕಣ್ಣೆದುರೇ ಆಯಿತು. ಈ ಕರಾಮತ್ತೆಲ್ಲ ಯಾರಿಗೆ ತೋರಿಸಲು ಅಂತ ನನಗೆ ತಿಳಿಯದೇ? ಇದು ಆಟ ಅಲ್ಲ ಅಂತ ಒಬ್ಬರ ಬಾಯಿಂದ ಬರಲಿ ಅಂತ ತಾನೇ? ಬಂದಿತ್ತು ಕಣೇ. ಲಕ್ವ ಹೊಡೆಯುವ ಹಿಂದಿನ ವಾರ ನಿನ್ನ ಪದಬಂಧ ಮುಗಿಸಿ, ಪೆನ್ನಿಗೆ ಕ್ಯಾಪು ಹಾಕುತ್ತಾ, ಇವಳು ಒಂದು ಪದಾನೂ ಸುಮ್ಮನೆ ಇಟ್ಟಿಲ್ಲ ನೋಡೋ ಅಂದರು. ನಾನು ನಿನಗೆ ಹೇಳಲಿಲ್ಲ. ಅವರೇ ಒಂದು ದಿನ ಹೇಳಲಿ ಅಂತ ಕಾದೆ.

ಆದ್ದರಿಂದ, ಮೇಧಾವಿಗಳೇ, ಕೆಲವು ತಿಂಗಳು ಒಂದು ಚೌಕಕ್ಕೆ ಒಂದೇ ಅಕ್ಷರ ಇಡಿ. ನೇರವಾಗಿ ಹೋಗುವ ಪದ, ಮನೆಯೊಳಗಿನ ಪದ. ಬಾಗಿಲು, ದಿಂಬು, ಚಪ್ಪಲಿ. ಜಾಣ ಓದುಗರು ಬೈದರೆ ನನ್ನ ವಿಳಾಸ ಕೊಡಿ, ನಾನು ನೋಡಿಕೊಳ್ಳುತ್ತೇನೆ. ನೀನು ಬರಬೇಕಾಗಿಲ್ಲ. ಕೆಲಸ ಬಿಟ್ಟು ಓಡಿ ಬರುವಂಥದ್ದೇನೂ ಇಲ್ಲ, ನಾನಿದ್ದೀನಲ್ಲ.

ಇಂತಿ,
ನೊಂದ ಓದುಗ,
ನಿನ್ನ ಮಾವ

ಮರೆತಿದ್ದೆ: ಬಸ್ಸು ಈಗ ನಮ್ಮ ಬೀದಿಯವರೆಗೆ ಬರುವುದಿಲ್ಲ, ನೀರಿನ ಟ್ಯಾಂಕಿನ ಹತ್ತಿರವೇ ಇಳಿಸಿಬಿಡುತ್ತಾರೆ. ಮೆಟ್ಟಿಲಿನ ದೀಪ ಕೆಟ್ಟಿದೆ, ಗೋಡೆ ಹಿಡಿದು ಹತ್ತಬೇಕು. ಮಧ್ಯಾಹ್ನದ ಹೊತ್ತಾದರೆ ಇಬ್ಬರೂ ಮಲಗಿರುತ್ತೇವೆ, ಎಷ್ಟು ಕೂಗಿದರೂ ನನಗೆ ಎಚ್ಚರವಾಗುವುದಿಲ್ಲ. ಬೀಗದ ಕೈ ದರ್ಜಿಯಮ್ಮನ ಹತ್ತಿರ ಕೊಟ್ಟಿದ್ದೇನೆ. ಯಾರು ಬಂದು ಕೇಳುತ್ತಾರೆ ಅಂತಲೂ ಹೇಳಿದ್ದೇನೆ.